ಎತ್ತಿನ ಜೂಲು, ನಾಯಿಯ ಕುರ್ತಾ

ಜನವರಿ ಎರಡನೇ ವಾರದ ಒಂದು ಸಂಜೆ. ಹೆಂಡತಿ ಬರೆದುಕೊಟ್ಟ ಚೀಟಿ ಹಿಡಕೊಂಡು ಡೊಂಬಿವಲಿ ಪೂರ್ವದ ಫಡ್ಕೆ ರೋಡಿನಲ್ಲಿ ಸಂಕ್ರಾಂತಿ ಸಾಮಾನು ತರಲು ಹೊರಟಿದ್ದೆ. ಬಿಳಿ ಎಳ್ಳು ಅರ್ಧ ಕಿಲೋ, ಬೆಲ್ಲ, ಶೇಂಗಾ, ಕುಸುರೆಳ್ಳು. ಸಂಕ್ರಾಂತಿ ಬಂತೆಂದರೆ ಇಲ್ಲಿಯ ಬಟ್ಟೆ ಅಂಗಡಿಗಳೆಲ್ಲ ಕಪ್ಪಾಗಿಬಿಡುತ್ತವೆ. ನಮ್ಮ ಕಡೆ ಹಬ್ಬಕ್ಕೆ ಕಪ್ಪು ಬಟ್ಟೆ ಅಂದರೆ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಮರಾಠಿಗರಿಗೆ ಮಾತ್ರ ಈ ಒಂದು ಹಬ್ಬಕ್ಕೆ ಕಪ್ಪೇ ಶುಭ. ಚಳಿಗೆ ಕಪ್ಪು ಬಣ್ಣ ಬೆಚ್ಚಗೆ ಎಂಬುದು ಅವರು ಕೊಡುವ ಕಾರಣ. ಹೊಸ ಮದುಮಗಳಿಗೆ ಕಪ್ಪು ಸೀರೆ, ಕೂಸಿಗೆ ಕಪ್ಪು ಝಬಲಾ, ಅದರ ಮೇಲೆ ಸಕ್ಕರೆಯ ಕುಸುರೆಳ್ಳು ಪೋಣಿಸಿ ಮಾಡಿದ ಹಾರ, ಬಳೆ, ಕಿರೀಟ. ಈ ಸಕ್ಕರೆ ಒಡವೆಗಳಿಗೆ 'ಹಲ್ವ್ಯಾಚೆ ದಾಗಿನೆ' ಎನ್ನುತ್ತಾರೆ.

ಹೀಗೆ ನೋಡುತ್ತ ಹೋಗುವಾಗ ಒಂದು ಅಂಗಡಿಯ ಗಾಜಿನೊಳಗೆ ಕಪ್ಪು ಬಟ್ಟೆಗೆ ಬಿಳಿ ಚುಕ್ಕಿಯ ಪುಟ್ಟ ಕುರ್ತಾಗಳು ಸಾಲಾಗಿ ತೂಗುತ್ತಿದ್ದವು. ಚೆನ್ನಾಗಿವೆಯಲ್ಲ, ತಮ್ಮನ ಮೊಮ್ಮಗನಿಗೆ ಒಂದು ಒಯ್ಯೋಣ ಎಂದು ಒಳಗೆ ಹೋದೆ. ಹುಡುಗ ಕೇಳಿದ್ದು ಮಗುವಿನ ವಯಸ್ಸನ್ನಲ್ಲ. "ಕಾಕಾ, ಕುತ್ತಿಗೆ ಎಷ್ಟು ಇಂಚು? ಎದೆ ಎಷ್ಟು? ಬಾಲದವರೆಗೆ ಉದ್ದ ಎಷ್ಟು?" ಬಾಲ ಅಂದಾಗ ನನಗೆ ತಿಳಿಯಿತು, ಅದು ನಾಯಿ-ಬೆಕ್ಕುಗಳ ಅಂಗಡಿ. ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಆಮೇಲೆ ಓದಿದೆ. ಜನವರಿ 14 ಮುದ್ದುಪ್ರಾಣಿಗಳಿಗೆ ಬಟ್ಟೆ ತೊಡಿಸುವ ದಿನವಂತೆ, ಆ ದಿನದ ಮಟ್ಟಿಗೆ ಎರಡು ಕೊಂಡರೆ ಒಂದು ಪುಕ್ಕಟೆಯಂತೆ.

ನಗು ಬಂತು. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳು ನಗಲಿಲ್ಲ. "ಅಪ್ಪಾ, ನಮ್ಮ ಬ್ರೂನೋಗೆ ಯಾಕ ತರಲಿಲ್ಲ?" ಅಂದಳು. ಬ್ರೂನೋ ಅಂದರೆ 2020ರ ಲಾಕ್‌ಡೌನಿನಲ್ಲಿ ನಮ್ಮ ಕಟ್ಟಡದ ಮೀಟರು ಪೆಟ್ಟಿಗೆಯ ಕೆಳಗೆ ನಡುಗುತ್ತ ಕೂತಿದ್ದ ಬೀದಿನಾಯಿಯ ಮರಿ. ಅವಳೇ ಎತ್ತಿಕೊಂಡು ಬಂದಿದ್ದಳು. "ನಾಯಿಗೆ ಎಂಥಾ ಅಂಗೀನವ್ವಾ?" ಅಂದೆ. ಅದಕ್ಕವಳು, "ನೀವು ಎತ್ತಿಗೆ ಹಾಕ್ತಿದ್ರಲ್ಲ?" ಅಂದಳು.

ಈ ಒಂದು ಮಾತಿಗೆ ಉತ್ತರ ಹುಡುಕುತ್ತ ನಾನು ಅನೇಕ ಪುಸ್ತಕ ತಿರುವಿದೆ, ಕೆಲವರನ್ನು ಕೇಳಿದೆ. ಸಿಕ್ಕಿದ್ದನ್ನು ಊರಿನ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಅಂಗಡಿಯ ಕಾಗದದ ಹಬ್ಬ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಅದು ಅಮೆರಿಕದ್ದು. ಕೊಲೀನ್ ಪೇಜ್ ಎಂಬ ಸಾಕುಪ್ರಾಣಿ ತಜ್ಞೆ 2009ರಲ್ಲಿ ಶುರುಮಾಡಿದ್ದು. ಆಗಸ್ಟ್ 26ರ 'ನಾಯಿ ದಿನ'ವನ್ನು 2004ರಲ್ಲಿ ಹುಟ್ಟುಹಾಕಿದವರೂ ಇವರೇ. ಇದಕ್ಕೆ ಪುರಾಣವಿಲ್ಲ, ತಿಥಿಯಿಲ್ಲ, ದೇವರಿಲ್ಲ. ನಾಯಿಗೋ ಬೆಕ್ಕಿಗೋ ಬಟ್ಟೆ ತೊಡಿಸಿ, ಫೋಟೋ ತೆಗೆದು, ನಕ್ಕು ಖುಷಿಪಡುವ ದಿನ. ಕ್ರಿಸ್‌ಮಸ್ ಮುಗಿದು ವ್ಯಾಪಾರ ತಣ್ಣಗಾದ ಜನವರಿಯ ನಡುವೆ ಅಂಗಡಿಯವರಿಗೂ ಒಂದು ನೆಪ ಸಿಕ್ಕಿತು ಅನ್ನಿ.

ಹಾಗೆಂದು ಆ ಪೇಟೆ 2009ರಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1859ರಲ್ಲಿ ಮೊದಲ ನಾಯಿ ಪ್ರದರ್ಶನ ನಡೆಯಿತು. ಅದೇ ಕಾಲಕ್ಕೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನು ಲಂಡನ್ನಿನಲ್ಲಿ ನಾಯಿಗಳಿಗೆಂದೇ ಬಿಸ್ಕತ್ತು ಮಾಡಿ ಮಾರತೊಡಗಿದ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ಕಚ್ಚಿ ತಿನ್ನುವುದನ್ನು ಕಂಡು ಅವನಿಗೆ ಈ ಯೋಚನೆ ಬಂದದ್ದೆಂದು ಹೇಳುತ್ತಾರೆ. ಆ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ ಎಂಬ ಹುಡುಗ ಮುಂದೆ 1891ರಲ್ಲಿ ತನ್ನ ಹೆಸರಿನಲ್ಲೇ ನಾಯಿ ಪ್ರದರ್ಶನ ಶುರುಮಾಡಿದ. ಅದು ಇಂದಿಗೂ ನಡೆಯುತ್ತಿದೆ. ಬಿಸ್ಕತ್ತು ಮಾರುವವನೇ ಹಬ್ಬ ಮಾಡುವವನೂ ಆದ, ಇದನ್ನು ಗಮನಿಸಬೇಕು. ಮುಂದಿನದೆಲ್ಲ ಅದೇ ದಾರಿ. ಅಮೆರಿಕದವರು ಹ್ಯಾಲೋವೀನ್ ಹಬ್ಬಕ್ಕೆ ಸಾಕುಪ್ರಾಣಿಗಳ ವೇಷಕ್ಕೆಂದೇ 2010ರಲ್ಲಿ ಸುಮಾರು 22 ಕೋಟಿ ಡಾಲರ್, 2023ರಲ್ಲಿ ಸುಮಾರು 70 ಕೋಟಿ ಡಾಲರ್ ಖರ್ಚು ಮಾಡುವರೆಂದು ಅಲ್ಲಿಯ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು.

ನಮ್ಮ ದೇಶದಲ್ಲಿ ಈ ಗಾಳಿ ಬೀಸಿದ್ದು ಟೀವಿಯಿಂದ. 2003ರ ಹಚ್ ಮೊಬೈಲ್ ಜಾಹೀರಾತು ನಿಮಗೆ ನೆನಪಿರಬಹುದು: ಪುಟ್ಟ ಹುಡುಗ, ಅವನು ಹೋದಲ್ಲೆಲ್ಲ ಹಿಂದೆ ಓಡುವ ಸುಕ್ಕುಮುಖದ ಪಗ್ ನಾಯಿ. ಅದಾದ ಮೇಲೆ ಠಾಣೆಯಿಂದ ಕಲ್ಯಾಣದವರೆಗೆ ಫ್ಲ್ಯಾಟುಗಳಲ್ಲಿ ಪಗ್ ಕಾಣತೊಡಗಿತು. 2008ರಲ್ಲಿ ರಾಶಿ ನಾರಂಗ್ ದಿಲ್ಲಿಯಲ್ಲಿ 'ಹೆಡ್ಸ್ ಅಪ್ ಫಾರ್ ಟೇಲ್ಸ್' ಎಂಬ ಮಳಿಗೆ ಸಂಸ್ಥೆ ಕಟ್ಟಿದರು, ತಮ್ಮ ನಾಯಿಗೆ ಬೇಕಾದ ಸಾಮಾನು ಎಲ್ಲೂ ಸಿಗದ್ದೇ ಅದಕ್ಕೆ ಕಾರಣ. 2014ರಿಂದ 'ಪೆಟ್ ಫೆಡ್' ಎಂಬ ಸಾಕುಪ್ರಾಣಿ ಮೇಳ ದಿಲ್ಲಿಯಲ್ಲಿ ಶುರುವಾಗಿ ಮುಂಬಯಿ, ಬೆಂಗಳೂರಿಗೂ ಬಂತು. ಕೋವಿಡ್ ವರ್ಷಗಳಲ್ಲಿ ಮನೆಯೊಳಗೆ ಸಿಕ್ಕಿಬಿದ್ದವರು ಸಾಲುಸಾಲಾಗಿ ನಾಯಿಮರಿ ತಂದರು. ನಮ್ಮ ಮನೆಯದೂ ಅದೇ ಕತೆ.

ಈಗ ಈ ನಮ್ಮ ಭಾಗದಲ್ಲಿ ಆ ವ್ಯಾಪಾರ ಹೇಗೆ ನಡೆಯುತ್ತದೆ ಎನ್ನುವುದನ್ನು ಹೇಳಬೇಕು. ಊರಲ್ಲಿರುವವರಿಗೆ ನಕ್ಷೆ ಸ್ವಲ್ಪ ತಿಳಿಯಲಿ: 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. ಅದೇ ಹಳಿಯ ಮೇಲೆ ಮುಂದೆ ಹೋದರೆ ಡೊಂಬಿವಲಿ, ಕಲ್ಯಾಣ. ಠಾಣೆಯಿಂದ ದಕ್ಷಿಣಕ್ಕೆ, ಪಾರಸಿಕ ಗುಡ್ಡ ಮತ್ತು ಖಾಡಿಯ ನಡುವೆ ಹಬ್ಬಿರುವುದು ನವಿ ಮುಂಬಯಿ. ಕಲ್ಯಾಣದ ಪಕ್ಕದ ಉಲ್ಹಾಸನಗರ ಸಿಂಧಿ ನಿರಾಶ್ರಿತರು ಕಟ್ಟಿದ ಊರು. ಬಟ್ಟೆ, ಜೀನ್ಸ್ ಹೊಲಿಗೆಗೆ ಹೆಸರಾದದ್ದು. ಅಲ್ಲಿಂದ ಕಟ್‌ಪೀಸ್ ತಂದು ಮನೆಯಲ್ಲೇ ನಾಯಿಯ ಅಂಗಿ ಹೊಲಿಯುವ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಗುಂಡಿಯ ಬದಲು ಅಂಟುವ ಪಟ್ಟಿ, ಹೊಟ್ಟೆಯ ಕಡೆ ತೆರೆದ ಕತ್ತರಿಕೆ. ಮಳೆಗಾಲಕ್ಕೆ ರೇನ್‌ಕೋಟು, ರಾಖಿಗೆ ರೇಷ್ಮೆ ಪಟ್ಟಿ, ಗಣಪತಿಗೆ ಉಪರಣೆ, ದೀಪಾವಳಿಗೆ ಜರಿಯ ಕುರ್ತಾ. ಅಪ್ಪ, ಅಮ್ಮ, ನಾಯಿ ಮೂವರಿಗೂ ಒಂದೇ ಬಟ್ಟೆಯ 'ಮ್ಯಾಚಿಂಗ್' ಕೂಡ ಉಂಟು. ದೀಪಾವಳಿ ನಸುಕಿನಲ್ಲಿ ಫಡ್ಕೆ ರೋಡಿನಲ್ಲಿ ಹುಡುಗ-ಹುಡುಗಿಯರು ಸಾಂಪ್ರದಾಯಿಕ ಉಡುಪು ತೊಟ್ಟು ಸೇರುವುದು ಡೊಂಬಿವಲಿಯ ಹಳೆಯ ರೂಢಿ. ಈಚೆಗೆ ಆ ಗುಂಪಿನಲ್ಲಿ ಕುರ್ತಾ ತೊಟ್ಟ ನಾಲ್ಕು ಕಾಲಿನವರನ್ನೂ ಕಂಡಿದ್ದೇನೆ.

ಇಷ್ಟು ಹೊತ್ತು ಹೇಳಿದ್ದು ಹೊಸ ಕತೆ. ಮಗಳು ಕೇಳಿದ್ದು ಹಳೆಯದು. ಎತ್ತಿಗೆ ಹಾಕುತ್ತಿದ್ದಿರಲ್ಲ?

ಹೌದು, ಹಾಕುತ್ತಿದ್ದೆವು. ನಮ್ಮದು ಗದಗಿನ ಕಡೆಯ ಹಳ್ಳಿ. ಜ್ಯೇಷ್ಠ ಮಾಸದ ಕಾರಹುಣ್ಣಿಮೆ ನಮ್ಮಲ್ಲಿ ಎತ್ತುಗಳ ಹಬ್ಬ. ಹಿಂದಿನ ದಿನ ಹೊನ್ನುಗ್ಗಿ. ಎತ್ತಿನ ಮೈ ತೊಳೆದು, ಗೊಟ್ಟದಲ್ಲಿ ಎಣ್ಣೆ-ತತ್ತಿ-ಅರಿಷಿಣ ಕುಡಿಸಿ, ಹುಗ್ಗಿ ತಿನಿಸಿ ಹಗಲೆಲ್ಲ ವಿಶ್ರಾಂತಿ. ಹುಣ್ಣಿಮೆ ದಿನ ಕೋಡಿಗೆ ಬಣ್ಣ, ಕೋಡಿನ ತುದಿಗೆ ಹಿತ್ತಾಳೆಯ ಕೋಡಣಸು, ಹಣೆಗೆ ಹಣೆಗಟ್ಟು, ಕೊರಳಿಗೆ ಗೆಜ್ಜೆಸರ, ಮಗಡ, ಬಣ್ಣದ ಗೊಂಡೆ, ಬೆನ್ನ ಮೇಲೆ ಜೂಲು. ಸಂಜೆ ಕರಿ ಹರಿಯುವುದು. ಅಂದರೆ ಅಗಸಿಯಲ್ಲಿ ಕಟ್ಟಿದ ತೋರಣವನ್ನು ಓಡಿಬಂದ ಎತ್ತು ಹರಿಯಬೇಕು. ಬಿಳಿ ಎತ್ತು ಮುಂದೆ ಬಂದರೆ ಬಿಳಿಜೋಳ ಚಲೋ ಆಗತೈತಿ, ಕೆಂದೆತ್ತು ಬಂದರೆ ಮುಂಗಾರಿ ಬೆಳೆ ಚಲೋ ಅಂತ ಹಿರಿಯರ ಲೆಕ್ಕ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸಿ. ಅವತ್ತು ಎತ್ತಿಲ್ಲದ ಮನೆಯಲ್ಲೂ ಮಣ್ಣಿನ ಎತ್ತಿಗೆ ಪೂಜೆ.

ಈ ಗೊಂಡೆ, ಗೆಜ್ಜೆ, ಮಗಡಗಳು ಆಕಾಶದಿಂದ ಬೀಳುತ್ತಿರಲಿಲ್ಲ. ಹಬ್ಬದ ಮುಂಚಿನ ಸಂತೆಯಲ್ಲಿ ಅವುಗಳದ್ದೇ ಒಂದು ಸಾಲು ಅಂಗಡಿ. ಈ ವರ್ಷ ಹೊಸ ನಮೂನೆ ಬಂದೈತಿ, ಆ ಗೌಡರು ಇದನ್ನೇ ಒಯ್ದಾರ ಅಂತ ಅಂಗಡಿಯವ ನಮ್ಮಪ್ಪನ ಮುಂದೆ ಗೊಂಡೆ ಅಲ್ಲಾಡಿಸುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಪ್ಪನೂ ಸಾಲ ಮಾಡಿಯಾದರೂ ಒಂದು ಕೊಳ್ಳುತ್ತಿದ್ದ. ಹಾಗಾಗಿ, 'ಹಿಂದೆ ಪ್ರೀತಿ ಇತ್ತು, ಈಗ ಬರೀ ವ್ಯಾಪಾರ' ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರೀತಿಯ ಪಕ್ಕದಲ್ಲಿ ಅಂಗಡಿ ಆಗಲೂ ಇತ್ತು.

ಇನ್ನೂ ಹಿಂದೆ ಹೋದರೆ ಅರಮನೆಯೇ ದೊಡ್ಡ ಗಿರಾಕಿ. ಅಕ್ಬರನ ಬೇಟೆ ಚಿರತೆಗಳಿಗೆ ಜರಿಯ ಜೂಲು, ಹರಳು ಕೂರಿಸಿದ ಸರಪಳಿ ಇದ್ದುದನ್ನು ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬರೆದಿದ್ದಾನೆ. ನಮ್ಮ ಮೈಸೂರು ದಸರೆಯ ಆನೆಯ ಝೂಲನ್ನಂತೂ ಎಲ್ಲರೂ ಕಂಡಿದ್ದೀರಿ. ಇಲ್ಲಿ ಇನ್ನೊಂದು ತಮಾಷೆ. ನಾವಿರುವುದು ಠಾಣೆ ಜಿಲ್ಲೆಯ ಕಲ್ಯಾಣದ ಮಗ್ಗುಲಲ್ಲಿ. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರ ವಿನೋದಗಳ ಭಾಗದಲ್ಲಿ ಆನೆ, ಕುದುರೆ, ಟಗರು, ಕೋಳಿ, ಪಾರಿವಾಳಗಳ ಜೊತೆಗೆ ನಾಯಿಗಳ ವಿನೋದಕ್ಕೂ ಒಂದು ಅಧ್ಯಾಯ ಉಂಟು. ಸಾಕಿದ ಪ್ರಾಣಿಯಿಂದ ಮನಸ್ಸಿಗೆ ಹಿತ ಎನ್ನುವುದು ಆ ಕಲ್ಯಾಣದಲ್ಲಿ ಒಂಬೈನೂರು ವರ್ಷ ಹಿಂದೆಯೇ ಬರೆದಿಟ್ಟ ಮಾತು.

ನಾಯಿಗೆ ಇಷ್ಟು ಮರ್ಯಾದೆ ಯಾಕೆ ಎಂದು ಕೇಳುವವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ತೋರಿಸಬೇಕು. ಹತ್ತನೇ ಶತಮಾನದ ನಡುವೆ, 949ರ ಸುಮಾರಿಗೆ, ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರೂ ಗಂಗರೂ ಸೇರಿ ಚೋಳ ರಾಜಾದಿತ್ಯನನ್ನು ಕೊಂದರು. ಗಂಗ ದೊರೆ ಇಮ್ಮಡಿ ಬೂತುಗನ ಕಡೆಯ ಮಣಲೇರ ಎಂಬ ವೀರನ ಶೌರ್ಯಕ್ಕೆ ಮೆಚ್ಚಿದ ಬೂತುಗ ಏನು ಬೇಕು ಕೇಳೆಂದಾಗ ಅವನು ಬೇಡಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆ ತಪ್ಪದಂತೆ ಭೂಮಿ ಬಿಟ್ಟ. ನಾಯಿಯೂ ಹಂದಿಯೂ ಕಾದುವ ಚಿತ್ರದ ಆ ಕನ್ನಡ ಶಾಸನ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಬಟ್ಟೆ ಹೊಲಿಸಲಿಲ್ಲ, ಹೊಲ ಬರೆದುಕೊಟ್ಟರು!

ನಾಯಿ ವಿಷಯದಲ್ಲಿ ಮುಂಬಯಿಯದೂ ಸಣ್ಣ ಇತಿಹಾಸವಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಸರಕಾರದ ಕ್ರಮದ ವಿರುದ್ಧ ಕೋಟೆ ಪ್ರದೇಶದ ಪಾರ್ಸಿಗಳು ಎದ್ದುನಿಂತರು, ಬೇರೆ ವ್ಯಾಪಾರಿಗಳೂ ಜೊತೆಗೂಡಿ ಅಂಗಡಿ ಮುಚ್ಚಿದರು. ಸೈನ್ಯದವರು ಬರಬೇಕಾಯಿತು. 1874ರಲ್ಲಿ ಇಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ಅದು 1880ರ ದಶಕದಲ್ಲಿ ಪರೇಲಿನಲ್ಲಿ ಕಟ್ಟಿದ ಪೆಟಿಟ್ ಪ್ರಾಣಿ ಆಸ್ಪತ್ರೆ ಇಂದಿಗೂ ಇದೆ. ಖಂಡೋಬಾನ ಭಕ್ತರಾದ ವಾಘ್ಯಾಗಳು ತಮ್ಮನ್ನು ದೇವರ ನಾಯಿ ಎಂದುಕೊಳ್ಳುತ್ತಾರೆ. ಅದೇ ದೇವರಿಗೆ ನಾವು ಮೈಲಾರಲಿಂಗ ಅಂತೀವಿ, ನಮ್ಮ ಗೊರವರೂ ನಾಯಿಯಂತೆ ಬೊಗಳುತ್ತಾರೆ. ನೇಪಾಳದಲ್ಲಂತೂ ನಮ್ಮ ನರಕ ಚತುರ್ದಶಿಯ ಹೊತ್ತಿಗೆ ನಾಯಿಗೆ ಹಾರ ಹಾಕಿ ತಿಲಕವಿಟ್ಟು ಪೂಜಿಸುವ ಕುಕುರ್ ತಿಹಾರ್ ಎಂಬ ಹಬ್ಬವೇ ಉಂಟು.

ಇವೆಲ್ಲ ಓದಿಕೊಂಡು ನಾನು ಒಂದು ಭಾನುವಾರ ಇಲ್ಲಿಯ ಕನ್ನಡದ ಗೆಳೆಯರ ಕೂಟದಲ್ಲಿ ಈ ವಿಷಯ ತೆಗೆದೆ. ಹೊರನಾಡಿನಲ್ಲಿ ಇರುವುದರ ದೊಡ್ಡ ಲಾಭ ಇದೇ ನೋಡಿ. ಊರಲ್ಲಿದ್ದರೆ ನನಗೆ ಗದಗಿನ ಹಬ್ಬ ಮಾತ್ರ ಗೊತ್ತಿರುತ್ತಿತ್ತು. ಡೊಂಬಿವಲಿಯ ಒಂದು ಕೋಣೆಯಲ್ಲಿ ಇಡೀ ಕರ್ನಾಟಕ ಚಹಾ ಕುಡಿಯುತ್ತ ಕೂತಿರುತ್ತದೆ.

ಮಂಡ್ಯದ ಕಡೆಯವರು ಹೇಳಿದರು: "ನಮ್ಮಲ್ಲಿ ಸಂಕ್ರಾಂತಿಗೇ ಸಾರ್ ದನಕ್ಕೆ ಅಲಂಕಾರ. ಕೊಂಬಿಗೆ ಬಣ್ಣ ಬಳಿದು, ಬಲೂನು ಕಟ್ಟಿ, ಸಂಜೆ ಕಿಚ್ಚು ಹಾಯಿಸ್ತೀವಿ. ನೀವು ಹೇಳೋ ಅಮೆರಿಕದ ದಿನ ನಮ್ದೇ ಕಣ್ರೀ, ಜನವರಿ ಹದಿನಾಲ್ಕು!" ಎಲ್ಲರೂ ನಕ್ಕೆವು. ಕುಂದಾಪುರದವರು ಬಿಡಲಿಲ್ಲ: "ನಮ್ದು ದೀಪಾವಳಿ ಗೋಪೂಜೆ ಮಾರಾಯ್ರೆ. ಶೇಡಿ ಕಲಸಿದ ನೀರಿಗೆ ಸಿದ್ದೆ ಅದ್ದಿ ದನದ ಮೈಮೇಲೆಲ್ಲ ಗುಂಡಗೆ ಒತ್ತುದು. ಅದೇ ಅದ್ರ ಅಂಗಿ. ಪೈಸೆ ಖರ್ಚಿಲ್ಲ." ಆಗ ಮೂಲೆಯಲ್ಲಿ ಕೂತಿದ್ದ ನನ್ನ ಹೆಂಡತಿ ಕೇಳಿದಳು, "ಅದೆಲ್ಲ ಖರೆ. ಅವತ್ತು ದನಾ ಕೆಲಸಾ ಮಾಡತಿದ್ವೇನ್ರೀ?"

ಯಾರೂ ಮಾತಾಡಲಿಲ್ಲ. ಉತ್ತರ ಎಲ್ಲರಿಗೂ ಗೊತ್ತಿತ್ತು. ಮೂರೂ ಕಡೆ ಅವತ್ತು ನೊಗ ಇಲ್ಲ, ಗಳೆ ಇಲ್ಲ, ಗಾಡಿ ಕಟ್ಟುವಂತಿಲ್ಲ. ಮಹಾರಾಷ್ಟ್ರದ ಬೈಲ್ ಪೋಳಾದಲ್ಲೂ ಹಾಗೆಯೇ. ಶ್ರಾವಣದ ಅಮಾವಾಸ್ಯೆ, ಕೆಲವೆಡೆ ಭಾದ್ರಪದದ್ದು. ಹಿಂದಿನ ದಿನ ಎತ್ತಿನ ಹೆಗಲಿಗೆ ತುಪ್ಪ-ಅರಿಷಿಣ ತಿಕ್ಕಿ, ನಾಳೆ ಊಟಕ್ಕೆ ಬನ್ನಿ ಎಂದು ಅದಕ್ಕೇ ಆಮಂತ್ರಣ ಕೊಡುತ್ತಾರೆ. ನೊಗ ಹೊತ್ತು ಜಡ್ಡುಗಟ್ಟಿದ್ದು ಹೆಗಲು, ಮೊದಲ ಉಪಚಾರವೂ ಹೆಗಲಿಗೇ. ಬಟ್ಟೆ, ಗೊಂಡೆ, ಬಣ್ಣ ಎಲ್ಲ ಅದರ ಮೇಲೆ. ಇಂಥ ದಿನದ ತಾರೀಖನ್ನು ಅಂಗಡಿಯವ ಗೊತ್ತುಮಾಡಿದ್ದಲ್ಲ. ಕಾರಹುಣ್ಣಿಮೆ ಮುಂಗಾರು ಬಿತ್ತನೆಯ ಹೊತ್ತಿಗೆ, ಪೋಳಾ ಮಳೆಗಾಲದ ದುಡಿಮೆ ಇಳಿಮುಖವಾಗುವಾಗ, ಸಂಕ್ರಾಂತಿ ಸುಗ್ಗಿ ಮುಗಿದ ಮೇಲೆ. ಹೊಲ ಗೊತ್ತುಮಾಡಿದ ದಿನಕ್ಕೆ ಅಂಗಡಿಯವ ಗೊಂಡೆ ತಂದು ಹರವುತ್ತಿದ್ದ. ಈಗ ಅಂಗಡಿಯವ ದಿನ ಗೊತ್ತುಮಾಡುತ್ತಾನೆ, ನಾವು ನಾಯಿಯನ್ನು ಕರೆದುಕೊಂಡು ಹೋಗುತ್ತೇವೆ. ಬದಲಾದದ್ದು ಇಷ್ಟೇ ಅನಿಸುತ್ತದೆ, ಆದರೆ ಇದು ಸಣ್ಣದೇನಲ್ಲ.

ಹೊಲವೇ ಹೋದ ಮೇಲೆ ಹಬ್ಬ ಎಲ್ಲಿ ನಿಲ್ಲಬೇಕು? ನಾನು 1986ರಲ್ಲಿ ಇಲ್ಲಿಗೆ ಬಂದು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರಖಾನೆಗೆ ಸೇರಿದೆ. ಬಸ್ಸಿನ ಕಿಟಕಿಯಿಂದ ರಬಾಳೆ, ಘಣಸೋಲಿ, ಕೋಪರಖೈರಣೆ ಕಡೆ ಆಗ ಅಲ್ಲಲ್ಲಿ ಭತ್ತದ ಗದ್ದೆಗಳು ಉಳಿದಿದ್ದವು, ಎತ್ತುಗಳೂ ಇದ್ದವು. ಅದು ಆಗ್ರಿ, ಕೋಳಿ ಜನರ ನಾಡು. 1970ರ ಮಾರ್ಚ್‌ನಲ್ಲಿ ಹೊಸ ನಗರ ಕಟ್ಟಲು ಸಿಡ್ಕೋ ಸ್ಥಾಪನೆಯಾಗಿ, ಠಾಣೆ, ಪನವೇಲ, ಉರಣ ತಾಲೂಕುಗಳ 95 ಹಳ್ಳಿಗಳ ಭೂಮಿ ನಗರದ ನಕ್ಷೆಯೊಳಗೆ ಬಂತು. ತಕ್ಕ ಪರಿಹಾರ ಕೇಳಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ ರೈತರು ಎದ್ದರು. 1984ರ ಜನವರಿ 16 ಮತ್ತು 17ರಂದು, ಸಂಕ್ರಾಂತಿ ಎಳ್ಳು-ಬೆಲ್ಲ ಮುಗಿಯುವ ಮುಂಚೆ, ಜಾಸಯಿ ಪರಿಸರದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು. ಆ ಹೋರಾಟದಿಂದ ಮುಂದೆ ಭೂಮಿ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ. 12.5 ಮರಳಿ ಕೊಡುವ ಯೋಜನೆ ಬಂತು. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣದ ಹೆಸರಿಗೆ ಜೋಡಿಸಲು ಕೇಳಿಬಂದದ್ದು ಅದೇ ಪಾಟೀಲರ ಹೆಸರು.

ಗದ್ದೆ ಸೆಕ್ಟರ್ ಆಯಿತು. ಸೆಕ್ಟರಿನಲ್ಲಿ ಎತ್ತು ಏನು ಮಾಡಬೇಕು? ಪೋಳಾ ಬಂದಾಗ ಈಗ ಡೊಂಬಿವಲಿ, ಕಲ್ಯಾಣದ ಪೇಟೆಯಲ್ಲಿ ಮಣ್ಣಿನ ಎತ್ತಿನ ಜೋಡಿ ಸಿಗುತ್ತದೆ. ತಟ್ಟೆಯಲ್ಲಿಟ್ಟು ಪೂಜಿಸುತ್ತಾರೆ. ನಮ್ಮ ಮಣ್ಣೆತ್ತಿನ ಅಮಾವಾಸಿಯ ನೆನಪಾಗುತ್ತದೆ. ಆಗಾಗ ಗುಬುಗುಬು ಸದ್ದಿನೊಡನೆ ನಂದಿಬೈಲ್ ಬರುತ್ತದೆ, ನಮ್ಮ ಕೋಲೆಬಸವನ ಹಾಗೆ ಮೈತುಂಬ ಬಣ್ಣದ ಬಟ್ಟೆ ಹೊದ್ದು. ಮಕ್ಕಳು ಬಾಲ್ಕನಿಯಿಂದ ಫೋಟೋ ತೆಗೆಯುತ್ತಾರೆ. ನಿಜವಾದ ಎತ್ತಿನ ಶೃಂಗಾರ ನೋಡಬೇಕಾದರೆ ಕಲ್ಯಾಣದಿಂದ ಮುರಬಾಡ ದಾಟಿ ಮ್ಹಸಾ ಎಂಬ ಊರಿಗೆ ಹೋಗಬೇಕು. ಪುಷ್ಯ ಹುಣ್ಣಿಮೆಗೆ, ಅಂದರೆ ಸಂಕ್ರಾಂತಿಯ ಆಚೆಈಚೆ, ಅಲ್ಲಿ ಜಾತ್ರೆ. ಹಳೆಯ ಹೆಸರುವಾಸಿ ದನದ ಪೇಟೆ. ಎತ್ತಿನ ಗೆಜ್ಜೆ, ಗೊಂಡೆ, ಕಂಬಳಿ ಎಲ್ಲ ಸಿಗುವ ಜಾಗ. ಟ್ರ್ಯಾಕ್ಟರು ಬಂದ ಮೇಲೆ ದನದ ಪೇಟೆಗಳ ಕಳೆ ಮೊದಲಿನಂತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಮಹಾರಾಷ್ಟ್ರದಲ್ಲಿ ದನದ ಸಂತೆಗಳನ್ನೇ ಮುಚ್ಚಬೇಕಾಗಿ ಬಂದಿತ್ತು.

ಇನ್ನು ನನ್ನದೇ ಒಂದು ಲೆಕ್ಕ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನಾನು ಇಲ್ಲಿಗೆ ಬಂದಾಗ ಡೊಂಬಿವಲಿಯಲ್ಲಿ ಒಂದು ಖೋಲಿಗೆ ಡಿಪಾಜಿಟ್ ಕೊಡಬೇಕಿತ್ತು. ನನ್ನ ಕೈಯಲ್ಲಿ ಏನಿತ್ತು? ಪತ್ರ ಬರೆದೆ. ಅಪ್ಪ ಮಾರನೆಯ ತಿಂಗಳು ಹಣ ಕಳಿಸಿದ. ಜೋಡೆತ್ತು ಮಾರಿ ಕಳಿಸಿದ ಹಣ ಎಂದು ತಿಳಿದದ್ದು ದೀಪಾವಳಿಗೆ ಊರಿಗೆ ಹೋದಾಗ. ದನದ ಕೊಟ್ಟಿಗೆ ಖಾಲಿ. ಗೂಟಕ್ಕೆ ಗೆಜ್ಜೆಸರ ನೇತುಹಾಕಿತ್ತು, ಜೂಲು ಮಡಿಚಿ ಅಟ್ಟದ ಮೇಲಿತ್ತು. ಆ ಜೂಲನ್ನು ಅವ್ವ ಕುಪ್ಪಸದ ತುಂಡು, ಹಳೇ ಧೋತರ ಸೇರಿಸಿ ಕೌದಿಯ ಹಾಗೆ ಹೊಲಿದಿದ್ದಳು. "ಇವನ್ನ ಯಾಕ ಎತ್ತಿನ ಕೂಡ ಕೊಡಲಿಲ್ಲಪ್ಪ?" ಅಂತ ಕೇಳಿದೆ. "ಕೊಂಡವರು ತಮ್ಮವು ತರತಾರ. ಇವು ನಮ್ಮವು" ಅಂದ. ಆಮೇಲೆ ಆ ಮಾತು ತೆಗೆಯಲಿಲ್ಲ. ಮುಂದಿನ ಕಾರಹುಣ್ಣಿಮೆಗೆ ಅಪ್ಪ ಊರಲ್ಲಿ ನಿಲ್ಲಲಿಲ್ಲ, ಅಕ್ಕನ ಮನೆಗೆ ಹೋಗಿದ್ದನಂತೆ. ಇದನ್ನು ಅವ್ವ ನನಗೆ ಹೇಳಿದ್ದು ಅವನು ತೀರಿಕೊಂಡ ಮೇಲೆ. ಊರ ಮನೆ ಭಾಗವಾದಾಗ ನಾನು ಕೇಳಿ ತಂದದ್ದು ಆ ಜೂಲು, ಆ ಗೆಜ್ಜೆಸರ. ಇಲ್ಲಿಯ ಕಪಾಟಿನ ಮೇಲಿನ ಟ್ರಂಕಿನಲ್ಲಿ ಅವು ಇವೆ. ನನ್ನ ಊರಗಲ ಹೊರಬಾಳಿಗೆ ಅಡಿಪಾಯ ಹಾಕಿದ್ದು ಆ ಎರಡು ಎತ್ತುಗಳ ಹೆಗಲು. ಅವು ಯಾರ ಹೊಲಕ್ಕೆ ಹೋದವು, ಆ ವರ್ಷ ಅವುಗಳ ಕೋಡಿಗೆ ಯಾರಾದರೂ ಬಣ್ಣ ಹಚ್ಚಿದರೋ ಇಲ್ಲವೋ ಎಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ.

ಅದಕ್ಕೇ ನಾಯಿಯ ಕುರ್ತಾ ಕಂಡು ನಗುವ ಹಕ್ಕು ನನಗಿಲ್ಲ ಅನಿಸಿತು. ಮಗಳಿಗೆ ಬ್ರೂನೋ ನೊಗ ಹೊರುವ ಎತ್ತಲ್ಲ, ನಿಜ. ಆದರೆ ಅವಳು ರಾತ್ರಿ ಹನ್ನೊಂದರ ಲೋಕಲ್ಲಿಗೆ ಬಂದಾಗ ಬಾಗಿಲಲ್ಲಿ ಕಾಯುವವನು ಅವನೇ. ನಮ್ಮ ಕಟ್ಟಡದಲ್ಲಿ ಮಕ್ಕಳು ವಿದೇಶಕ್ಕೆ ಹೋಗಿ ಒಂಟಿಯಾದ ಹಿರಿಯರಿಗೆ ಬೆಳಿಗ್ಗೆ ಮನೆಯಿಂದ ಹೊರಗೆ ಹೊರಡುವ ಕಾರಣ ಅಂತ ಇದ್ದರೆ ಅದು ನಾಯಿ. ಇದೂ ಒಂದು ದುಡಿಮೆ. ಹಬ್ಬ ಮಾಡಲಿ. ಆದರೆ ಹಬ್ಬ ಯಾರಿಗೆ ಎಂಬುದನ್ನು ಹೆಂಡತಿ ಕೇಳಿದ ಹಾಗೆ ಕೇಳಬೇಕು.

ಪಶುವೈದ್ಯರು ಹೇಳುವುದು ಇಷ್ಟು: ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಪಗ್‌ನಂಥ ಚಪ್ಪಟೆ ಮೂಗಿನವುಗಳಿಗೆ ಅದೂ ಕಷ್ಟ. ಠಾಣೆ ಖಾಡಿಯ ಈ ಅಂಟು ಸೆಕೆಯಲ್ಲಿ ಜರಿ ಕುರ್ತಾ ತೊಡಿಸಿ ಗಂಟೆಗಟ್ಟಲೆ ಮೆರವಣಿಗೆ ಮಾಡಿದರೆ ಅದಕ್ಕೆ ಅಪಾಯವೇ. ಬಟ್ಟೆ ಹಾಕಿದ ಕೂಡಲೇ ನಾಯಿ ಕಲ್ಲಿನ ಹಾಗೆ ನಿಂತುಬಿಟ್ಟರೆ, ಕಿವಿ ಹಿಂದಕ್ಕೆ ಒತ್ತಿ ಬಾಲ ಕಾಲೊಳಗೆ ಸೇರಿಸಿದರೆ, ಅದು ಗಾಂಭೀರ್ಯವಲ್ಲ, ಹೆದರಿಕೆ. ಸಕ್ಕರೆ ಒಡವೆಯನ್ನು ಅದು ದಾರದ ಸಮೇತ ನುಂಗಬಹುದು. ಮಳೆಗಾಲದ ರೇನ್‌ಕೋಟು ಬೇರೆ ಮಾತು, ರಾತ್ರಿ ಗಾಡಿಯವರಿಗೆ ಕಾಣುವ ಹೊಳೆಯುವ ಕೊರಳಪಟ್ಟಿ ಬೇರೆ ಮಾತು. ಅವು ನಾಯಿಗೆ ಉಪಯೋಗ. ಉಳಿದದ್ದು ನಮ್ಮ ಫೋಟೋಗೆ ಉಪಯೋಗ. ಕೊಳ್ಳುವವರು ಈ ಎರಡನ್ನು ಬೇರೆಬೇರೆ ಗಂಟು ಕಟ್ಟಿಟ್ಟುಕೊಂಡರೆ ಸಾಕು.

ಅಂದ ಹಾಗೆ, ಸಂಕ್ರಾಂತಿಯೂ ಅಮೆರಿಕದ ಬಟ್ಟೆ ದಿನವೂ ಜನವರಿ 14ಕ್ಕೆ ಜೊತೆಯಾಗುವುದು ಶಾಶ್ವತವಲ್ಲ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ನಮ್ಮ ಪಂಚಾಂಗದ ಸೂರ್ಯ ಸುಮಾರು 72 ವರ್ಷಕ್ಕೊಂದು ದಿನ ಮುಂದೆ ಸರಿಯುತ್ತಾನೆ. 2024ರಲ್ಲಿ ಆಗಲೇ ಹಬ್ಬ 15ಕ್ಕೆ ಬಂದಿತ್ತು. ಇನ್ನು ಕೆಲವು ದಶಕದಲ್ಲಿ ಅದು 15ಕ್ಕೇ ನಿಲ್ಲುತ್ತದೆ. ಅಂಗಡಿಯ ದಿನ 14ರಲ್ಲೇ ಉಳಿಯುತ್ತದೆ.

ಈ ಸಲ ಜೊತೆಯಾಗಿಯೇ ಬಂದಿತ್ತು. ಮಗಳು ಕಪ್ಪು ಕುರ್ತಾ ತಂದೇಬಿಟ್ಟಳು. ನಾನೂ ಟ್ರಂಕು ಇಳಿಸಿ ಗೆಜ್ಜೆಸರ ತೆಗೆದೆ. ನನ್ನ ಕೈಯಲ್ಲಿ ಅದು ಘಲ್ ಎಂದದ್ದೇ ತಡ, ಬ್ರೂನೋ ಮಂಚದ ಕೆಳಗೆ ಓಡಿದ. ಎತ್ತಿಗೆ ಹಿತವಾದ ಸದ್ದು ನಾಯಿಯ ಚುರುಕು ಕಿವಿಗೆ ಆಗದು, ನನಗೆ ಹೊಳೆದಿರಲಿಲ್ಲ. ಗೆಜ್ಜೆ ಒಳಗಿಟ್ಟೆ. ಕುರ್ತಾ ಹತ್ತು ನಿಮಿಷ ಮೈಮೇಲಿತ್ತು. ಫೋಟೋ ಆಯಿತು, ಮಗಳೇ ಬಿಚ್ಚಿದಳು. ಸಂಜೆ ಅವನನ್ನು ಎಂದಿಗಿಂತ ದೂರ, ಅವನು ಎಳೆದ ಕಡೆ, ಅವನು ಮೂಸಿದಷ್ಟು ಹೊತ್ತು ನಿಂತು ನಿಂತು ತಿರುಗಿಸಿಕೊಂಡು ಬಂದೆವು. ಮರಳಿ ಬಂದಾಗ ಟ್ರಂಕಿನ ಪಕ್ಕ ನೆಲದ ಮೇಲೆ ಮರೆತುಬಿಟ್ಟಿದ್ದ ಅವ್ವನ ಜೂಲು ಅವನಿಗೆ ಕಂಡಿತು. ಮೂಸಿದ, ಎರಡು ಸುತ್ತು ಹಾಕಿದ, ಅದರ ಮೇಲೆ ಮುದುಡಿ ಮಲಗಿದ. ಹೆಂಡತಿ ಎಳೆಯಲು ಹೋದಳು. "ಇರಲಿ ಬಿಡು" ಅಂದೆ.